ನೀರಿನ ಮೇಲೆ ‘ಬ್ಯಾಡ’

ಟ್ಯೂಬು ಆರಿಸಿದವನು ನಾನೇ. ತೊಂಬತ್ತರ ದಶಕದ ಮೊದಲ ವರ್ಷಗಳು. ಸಿಂಧನೂರಿನಲ್ಲಿ ನನ್ನದೊಂದು ಪಂಚರ್ ಅಂಗಡಿ ಇತ್ತು. ಗದ್ದೆಗೆ ಹೋಗುವ ಟ್ರ್ಯಾಕ್ಟರ್‌ಗಳ ಹಿಂದಿನ ಗಾಲಿಯ ಹಳೆಯ ಟ್ಯೂಬುಗಳು ಗೋಡೆಯ ಮೊಳೆಗಳಿಗೆ ಜೋತುಬಿದ್ದಿರುತ್ತಿದ್ದವು. ಮೂರನ್ನು ಇಳಿಸಿ, ಗಾಳಿ ತುಂಬಿ, ತೊಟ್ಟಿಯ ನೀರಿನಲ್ಲಿ ನಿಧಾನವಾಗಿ ತಿರುಗಿಸಿದೆ. ಒಂದರ ವಾಲ್ವಿನ ಬುಡದಿಂದ ಗುಳ್ಳೆ ಎದ್ದವು. ಇನ್ನೊಂದರಲ್ಲಿ ತೇಪೆಯ ಮೇಲೆ ತೇಪೆ. ಮೂರನೆಯದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಲಿಂಗಸುಗೂರಿನ ಕಡೆ ಹೋದೆ.

ಅಕ್ಕನನ್ನು ಕೃಷ್ಣಾ ದಂಡೆಯ ಊರಿಗೆ ಕೊಟ್ಟಿದ್ದರು. ಅವಳ ಗಂಡ, ನಮ್ಮ ಮಾವ, ಮೀನುಗಾರರ ಇಂಜಿನ್ ದೋಣಿ ನಡೆಸುತ್ತಿದ್ದ. ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ರಜೆಯ ಮೇಲೆ ಅಲ್ಲಿಗೆ ಬಂದಿದ್ದ. ದೋಣಿಯ ಹಿಂದೆ ಟ್ಯೂಬು ಕಟ್ಟಿ, ಅದರ ಮೇಲೆ ಬೋರಲು ಮಲಗಿ ಎಳೆಸಿಕೊಳ್ಳಬೇಕೆಂಬ ಆಸೆ ಅವನದು. ಅವನಿಗೆ ಈಜು ಬರುತ್ತಿರಲಿಲ್ಲ.

ಟ್ಯೂಬನ್ನು ಬಿಗಿಯಾಗಿ ತುಂಬಲಿಲ್ಲ. ಬಿಸಿಲಿಗೆ ಗಾಳಿ ಉಬ್ಬುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ತುಸು ತಗ್ಗಬೇಕು. ವಾಲ್ವು ಹೊಟ್ಟೆಗೆ ಚುಚ್ಚದಂತೆ ಕೆಳಗೆ ಮಾಡಿ, ಸುತ್ತಲೂ ಹಗ್ಗದ ಬಲೆ ಹೆಣೆದು, ದೋಣಿಯ ಹಗ್ಗವನ್ನು ಆ ಬಲೆಗೆ ಕಟ್ಟಿದೆ. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಕೂಡದು, ಬರೀ ಮುಷ್ಟಿಯಲ್ಲಿ ಹಿಡಿಯಬೇಕೆಂದು ತಮ್ಮನಿಗೆ ಎರಡು ಸಲ ಹೇಳಿದೆ.

ಮಾವ ಮನೆಯಿಂದ ಎರಡು ಒಣ ಸೋರೆ ಬುರುಡೆ ತಂದ. ಆ ದಂಡೆಯಲ್ಲಿ ಈಜು ಕಲಿಯುವವರು ಕಟ್ಟಿಕೊಳ್ಳುವುದು ಅವನ್ನೇ. ತಮ್ಮ ನಕ್ಕ.

“ಮಾವ, ಗಣಿಯಾಗ ಇಳಿಯಾವಂಗ ಈ ಮಡುವಿನ ಅಂಜಿಕಿ ಏನ್ ಹಾಕ್ತಿ? ಸೋರೆಬಳ್ಳಿ ಕಂಡಂಗ ಕಾಣ್ತೀನಿ.”

“ಕಾಣು. ಬುರುಡಿ ಇಲ್ಲಂದ್ರ ಇಂಜಿನ್ ಚಾಲೂ ಆಗಂಗಿಲ್ಲ.”

ತಮ್ಮ ಎರಡೂ ಕಂಕುಳ ಕೆಳಗೆ ಒಂದೊಂದು ಕಟ್ಟಿಸಿಕೊಂಡ. ನಾನು ದೋಣಿಯಲ್ಲಿ ಹಿಮ್ಮುಖವಾಗಿ ಕೂತೆ. ತಮ್ಮನ ಮೇಲಿನ ಕಣ್ಣು ತೆಗೆಯಬಾರದು, ಏನಾದರೂ ಆದರೆ ಕೈ ಎತ್ತಬೇಕು, ಎತ್ತಿದ ಕೂಡಲೇ ಇಂಜಿನ್ ಬಂದ್. ಮಾವ ನನಗೆ ಒಪ್ಪಿಸಿದ್ದು ಇಷ್ಟೇ ಕೆಲಸ.

ಮಡುವಿನ ನಡುವೆ ಎರಡು ಸುತ್ತು ಸರಿಯಾಗಿಯೇ ಆಯಿತು. ಮೂರನೆಯದರಲ್ಲಿ ಮಾವ ದೋಣಿಯನ್ನು ಸ್ವಲ್ಪ ಬೇಗ ತಿರುಗಿಸಿದ. ದೋಣಿ ಒಳಗೆ ತಿರುಗಿದಷ್ಟೂ ಟ್ಯೂಬು ಹೊರಗೆ ಬೀಸಿಕೊಂಡು ಹೋಯಿತು, ನೀರಿನಿಂದ ಮೊಣಕಾಲೆತ್ತರ ಎದ್ದ ಬಂಡೆಯ ಕಡೆಗೆ. ರಬ್ಬರು ಬಡಿತ ತಡೆದೀತು, ಬರೀ ಮೈ ತಡೆಯದು ಎಂಬುದು ನನಗೆ ಆ ಕ್ಷಣದಲ್ಲೂ ಸ್ಪಷ್ಟವಿತ್ತು. ಕೈ ಎತ್ತಬೇಕಿತ್ತು. ಕೂಗಿದೆ.

“ಬಿಡಬ್ಯಾಡ!”

ತಮ್ಮ ನನ್ನನ್ನೇ ನೋಡುತ್ತ ಎರಡೂ ಕೈ ಬಿಟ್ಟ.

ಟ್ಯೂಬು ಒಂಟಿಯಾಗಿ ಬಂಡೆಗೆ ಬಡಿದು ಪುಟಿದು ಬಂತು. ಆಗ ಕೈ ಎತ್ತಿದೆ. ಇಂಜಿನ್ ನಿಂತಿತು. ಮಾವ ಹುಟ್ಟು ಹಾಕತೊಡಗಿದ. ಬಂಡೆಯ ಪಕ್ಕದಲ್ಲಿ ಸೋರೆ ಬುರುಡೆಯ ಒಡೆದ ಚೂರೊಂದು ತೇಲಿತು. ಆಮೇಲೆ ಇನ್ನೊಂದು ಬುರುಡೆ ಇಡಿಯಾಗಿ ಮೇಲೆ ಬಂತು. ಅದರ ಜೊತೆ ಒಂದು ಭುಜ, ಕೂದಲು, ಕೊನೆಗೆ ಬಾಯಿ.

ಮಾವ ಅವನ ಕಂಕುಳಿಗೆ ಕೈ ಹಾಕಿ ದೋಣಿಯೊಳಕ್ಕೆ ಎಳೆದ. ತಮ್ಮ ನೀರು ಕಕ್ಕಿದ. ಮೊಣಕೈ ತರಚಿ ರಕ್ತ ಇಳಿಯುತ್ತಿತ್ತು. ಉಸಿರು ಹತೋಟಿಗೆ ಬಂದಮೇಲೆ ನನ್ನ ಕಡೆ ತಿರುಗಿದ.

“ನೀನ ಬಿಡು ಅಂದ್ಯಲ್ಲ, ಅಣ್ಣ.”

“ಬಿಡಬ್ಯಾಡ ಅಂದೆ.”

“ಬ್ಯಾಡ ಕೇಳಲಿಲ್ಲ.”

ಇಂಜಿನ್ನಿನ ಸದ್ದು ಮಾತಿನ ಬಾಲವನ್ನು ನುಂಗಿತ್ತು. ನಮ್ಮ ಮಾತಿನಲ್ಲಿ ಬೇಡ ಎನ್ನುವುದು ಯಾವಾಗಲೂ ಕೊನೆಗೆ ಬರುತ್ತದೆ. ಅಷ್ಟರೊಳಗೆ ಕೇಳುವವನು ಮೊದಲಿನದನ್ನು ಮಾಡಿ ಮುಗಿಸಿರುತ್ತಾನೆ. ಮಾವ ಬಯ್ಯಲಿಲ್ಲ. ದಂಡೆ ಹತ್ತಿರ ಬಂದಾಗ ಒಂದೇ ಮಾತು ಹೇಳಿದ.

“ನೀರಾಗ ಬ್ಯಾಡ ಅನ್ನಬಾರದು. ಹಿಡಿ ಅನ್ನು.”

ಸಂಜೆ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತಮ್ಮ ಬಟ್ಟೆ ಸುತ್ತಿದ ಮೊಣಕೈಯೊಂದಿಗೆ ಬಾಗಿಲ ಮೆಟ್ಟಿಲ ಮೇಲೆ ನಿಂತ. ಬಸ್ಸು ತಿರುವಿನಲ್ಲಿ ವಾಲಿತು. ‘ಹೊರಗ ಬಾಗಬ್ಯಾಡ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಕಂಬಿ ಹಿಡಿ,” ಎಂದೆ.

ಹಿಡಿದ.