ಇಸ್ತ್ರಿ ಕೋಣೆಯಲ್ಲೊಂದು ಸ್ವೆಟರ್

ಲಾಂಡ್ರಿಯ ಇಸ್ತ್ರಿ ಕೋಣೆ ಎಂದರೆ ಒಲೆಯ ಬಾಯಿ. ಅಲ್ಲಿ ನಿಂತವರ ಬೆನ್ನು ಬೆಳಿಗ್ಗೆಯೇ ತೊಯ್ದು ತೊಪ್ಪೆ. ಅಂಥ ಕಡೆ ಇಸ್ತ್ರಿಯಕ್ಕ ಉಣ್ಣೆಯ ಸ್ವೆಟರ್ ತೊಟ್ಟು ನಡುಗುತ್ತಿದ್ದಳು.

"ಏನಕ್ಕಾ, ಐಸ್ ಫ್ಯಾಕ್ಟರೀಲಿ ಕೆಲಸ ಸಿಕ್ತಾ?" ಎಂದಳು ಬಟ್ಟೆ ಮಡಿಸುವವಳು.

ಒಂದು ಕಾಲಕ್ಕೆ ಆ ಕೋಣೆಯನ್ನು ನಗಿಸುತ್ತಿದ್ದವಳೇ ಇಸ್ತ್ರಿಯಕ್ಕ. ಈಗ ಕಾಲರಿನ ಮೇಲೆ ಕೈಯಿಟ್ಟು, ಮುಂದೇನೆಂದು ಮರೆತು ನಿಲ್ಲುತ್ತಿದ್ದಳು. ಮುಖ ಊದಿತ್ತು, ಸ್ವರ ಗೊಗ್ಗರಾಗಿತ್ತು, ಬಾಚಣಿಗೆ ತುಂಬ ಕೂದಲು. ಸುಮ್ಮಸುಮ್ಮನೆ ಅಳು ಬೇರೆ.

ನಾದಿನಿ ಮೊದಲು ಅದನ್ನು ಸೋಮಾರಿತನ ಎಂದಳು, ಆಮೇಲೆ ಹುಚ್ಚು ಎಂದಳು. ಒಂದು ದಿನ ಒಲೆಯ ಮೇಲೆ ಹಾಲು ಸೀದು ಕರಕಲಾಯಿತು, ಅವಳಿಗೆ ನೆಪ ಸಿಕ್ಕಿತು.

"ಇವತ್ತು ಹಾಲು, ನಾಳೆ ಮಗು. ಅತ್ತಿಗೆ ತಲೆ ನೆಟ್ಟಗಾಗೋವರೆಗೂ ಪುಟ್ಟಿ ನಮ್ಮನೇಲಿರ್ಲಿ ಅಣ್ಣಾ."

ಗಂಡನೆನಿಸಿಕೊಂಡವನು ಮಗಳ ಬಟ್ಟೆ ಚೀಲಕ್ಕೆ ತುಂಬಿದ.

ಅವನು ಹೆಂಡತಿಯನ್ನು ಕರೆದೊಯ್ದ ಡಾಕ್ಟರಾದರೂ ಎಂಥವನು? ಕುರ್ಚಿ ಬಿಟ್ಟು ಏಳಲಿಲ್ಲ, ನಾಡಿ ಹಿಡಿಯಲಿಲ್ಲ, ಕೇಳಿದ್ದನ್ನೆಲ್ಲ ಗಂಡನನ್ನೇ ಕೇಳಿದ. "ಡಿಪ್ರೆಶನ್ನು. ಹೆಂಗಸರಿಗೆ ಇದ್ದದ್ದೇ ಬಿಡಿ" ಎಂದು ಮಾತ್ರೆ ಗೀಚಿದ. ಹೊರಗೆ ಸುಡುಬಿಸಿಲು, ಎದುರಿಗೆ ಸ್ವೆಟರ್. ಓದಿದ ಕಣ್ಣಿಗೆ ಅದೂ ಕಾಣದಿದ್ದರೆ ಆ ಓದಿಗಿಷ್ಟು ಬೆಂಕಿ ಬೀಳಲಿ.

ಮಾತ್ರೆ ನುಂಗಿ ನುಂಗಿ ಬಾಯಿ ಒಣಗಿತೇ ಹೊರತು ಚಳಿ ಬಿಡಲಿಲ್ಲ, ಮಗಳೂ ಬರಲಿಲ್ಲ. ಕೊನೆಗೆ ಇಸ್ತ್ರಿಯಕ್ಕ ತಾನೇ ರಜೆ ಹಾಕಿ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತಳು.

ಅಲ್ಲಿಯ ಡಾಕ್ಟರಮ್ಮ ಕತ್ತು ಒತ್ತಿ ನೋಡಿದರು. "ನಮಗೆಲ್ಲ ಸೆಕೆ, ನಿಮಗೊಬ್ರಿಗೆ ಚಳೀನಾ? ಮನಸ್ಸಿಂದೂ ಇರಬಹುದು, ಥೈರಾಯ್ಡೂ ಇರಬಹುದು, ಎರಡೂ ಒಂದೇ ವೇಷ ಹಾಕ್ತವೆ. ರಕ್ತ ನೋಡದೆ ಹೇಳೋಕಾಗಲ್ಲಮ್ಮ."

ರಕ್ತ ಹೇಳಿತು, ಥೈರಾಯ್ಡ್ ಮಂಕು ಹಿಡಿದು ಕೂತಿದೆ ಎಂದು. ಹೊಸ ಮಾತ್ರೆ ಬರೆದರು, ಗುಣ ಕಾಣಲು ಕೆಲವು ವಾರ ಬೇಕೆಂದರು.

ಸುದ್ದಿ ಮುಟ್ಟಿದ್ದೇ ತಡ, ಸಂಜೆಗೆ ನಾದಿನಿ ಮಗುವಿನ ಕೈ ಹಿಡಿದು ಹಾಜರ್. ಹಿಂದೆ ಅಣ್ಣ.

"ಬರೀ ಥೈರಾಯ್ಡಂತೆ, ಅಲ್ವಾ ಅತ್ತಿಗೆ? ಮೊದಲೇ ಹೇಳಬಾರದಿತ್ತಾ? ನಾವು ಏನೇನೋ ಅಂದ್ಕೊಂಡ್ವಿ."

ಆ ಸಕ್ಕರೆ ಮಾತು ಮುಗಿಯುವ ಮೊದಲೇ ಇಸ್ತ್ರಿಯಕ್ಕ ಮಗಳ ಕೈಯನ್ನು ನಾದಿನಿಯಿಂದ ಬಿಡಿಸಿಕೊಂಡಳು.

"ಹೊಸ ಮಾತ್ರೆ ಇನ್ನೂ ಬಾಯಿಗೇ ಹಾಕಿಲ್ಲ. ನಿನ್ನೆ ಹೇಗಿದ್ನೋ ಇವತ್ತೂ ಹಾಗೇ ಇದೀನಿ. ನಿನ್ನೆ ಕೊಡದ ಮಗೂನ ಇವತ್ತು ಹೇಗೆ ತಂದೆ? ಮನಸ್ಸಿನ ಕಾಯಿಲೇನೇ ಆಗಿದ್ರೆ ನಾನು ಇವಳ ತಾಯಿ ಅಲ್ವಾ?"

ನಾದಿನಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡಹೋದಳು. ಅಣ್ಣ ಮಗಳ ಬಟ್ಟೆ ಚೀಲವನ್ನು ಹೊಸ್ತಿಲ ಮೇಲಿಟ್ಟ.

ಇಸ್ತ್ರಿಯಕ್ಕ ಮಗಳನ್ನು ಒಳಕ್ಕೆ ಎಳೆದುಕೊಂಡು, ಇಬ್ಬರನ್ನೂ ಹೊಸ್ತಿಲಾಚೆಗೇ ಬಿಟ್ಟು ಚಿಲಕ ಹಾಕಿದಳು.