ಕೆಳಗಿನ ಬರ್ತಿನ ಅದಲುಬದಲು

ರೈಲಿನಲ್ಲಿ ಬರ್ತ್ ಬದಲಿಸುವಾಗ ಎದುರಿನವರ ಮುಖ ನೋಡಬೇಡಿ, ಟಿಕೆಟ್ ನೋಡಿ. ಹೊಸಂಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟು, ದಿನವಿಡೀ ಚೌಕಾಸಿ ಮಾಡುವ ನಾನೇ ಅದನ್ನು ನೋಡಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೊಣಕಾಲು ನೋವಿನ ಅಮ್ಮನನ್ನು ದೆಹಲಿಗೆ, ತಂಗಿಯ ಮನೆಗೆ ಕರೆದೊಯ್ಯುತ್ತಿದ್ದೆ. ಅವಳ ಕೆಳಗಿನ ಬರ್ತ್ ಶೌಚಾಲಯದ ಪಕ್ಕವೇ ಇತ್ತು. ಅಲ್ಲಿದ್ದ ಕುಂಬಳೆಯ ದಂಪತಿ, ಬೋಗಿಯ ನಡುವೆ ಇದ್ದ ಗಂಡನ ತಮ್ಮನ ಕೆಳಗಿನ ಬರ್ತನ್ನು ನಮಗೆ ಕೊಟ್ಟು, ಅಮ್ಮನ ಬರ್ತಿನಲ್ಲಿ ಅವನನ್ನು ತಮ್ಮೊಡನೆ ಕೂರಿಸಿಕೊಳ್ಳುತ್ತೇವೆ ಎಂದು ಕೇಳಿದರು. ವಾಸನೆ ತಪ್ಪಿತು, ನನಗೇ ಲಾಭ ಎಂದು ಒಪ್ಪಿದೆ.

ಮರುದಿನ ಮಧ್ಯಾಹ್ನ ಆ ತಮ್ಮ ಪನ್ವೇಲಿನಲ್ಲಿ ಇಳಿದುಹೋದ. ಅವನ ಟಿಕೆಟ್ ಅಲ್ಲಿಗೇ ಮುಗಿದಿತ್ತು! ಅಲ್ಲಿ ಹತ್ತಿದ ಪ್ರಯಾಣಿಕನೊಬ್ಬ ಟಿಕೆಟ್ ತೋರಿಸಿ ಅಮ್ಮನನ್ನು ಎಬ್ಬಿಸಿದ. ಹಿಂದಕ್ಕೆ ಬಂದರೆ, ಅಮ್ಮನ ಬರ್ತಿನಲ್ಲಿ ಕುಂಬಳೆಯ ಗಂಡ ಕಾಲು ಚಾಚಿ ಮಲಗಿದ್ದಾನೆ.

"ಏಳಿ, ಇದು ನಮ್ಮದು."

"ನೀವೇ ಒಪ್ಪಿ ಬಿಟ್ಟುಕೊಟ್ಟದ್ದಲ್ಲವಾ ಅಣ್ಣ? ಈಗ ಎಂತ ಗಲಾಟೆ? ಮೇಲೆ ನನ್ನ ಬರ್ತ್ ಖಾಲಿ ಉಂಟು, ಅಮ್ಮ ಹತ್ತಲಿ."

"ಎರಡು ಹೆಜ್ಜೆ ನಡೆಯಲಾಗದವಳು ಮೇಲೆ ಹತ್ತುವುದಾ? ನಾಚಿಕೆ ಉಂಟಾ ನಿಮಗೆ?" ಎಂದು ಕೂಗಿದೆ. ಅವನು ಅಲುಗಲಿಲ್ಲ. ಟಿಕೆಟ್ ಪರೀಕ್ಷಕರನ್ನು ಕರೆಯಲು ಹೊರಟೆ.

ಅಷ್ಟರಲ್ಲಿ ಅಮ್ಮ ಕಂಬಿ ಹಿಡಿದು ಅವನತ್ತ ಬೆನ್ನು ತಿರುಗಿಸಿದಳು. "ಕಾಲು ತೆಗಿ ಮಾರಾಯ, ಇಲ್ಲದಿದ್ದರೆ ಅದರ ಮೇಲೆಯೇ ಕೂರುತ್ತೇನೆ."

ಅವನು ಗಡಬಡಿಸಿ ಎದ್ದ. ಅಮ್ಮ ಕುಳಿತು, ಮೊಣಕಾಲು ನೀವಿಕೊಳ್ಳುತ್ತಾ ನನ್ನನ್ನೇ ದುರುಗುಟ್ಟಿ ನೋಡಿದಳು.

"ನಿನ್ನ ವ್ಯಾಪಾರಕ್ಕೆ ನನ್ನ ಕಾಲೇ ಸಿಕ್ಕಿದ್ದಾ?"