ಶೇಂಗಾ ಅಂಗಳದ ಕೆಳದನಿ

ಆ ಕ್ಯಾಸೆಟ್ಟಿನ ಸುರುಳಿ ಎಂದೋ ಸಿಕ್ಕಾಗಿ ಹೋಯಿತು. ಡಬ್ಬಿಯನ್ನು ಮಾತ್ರ ಎಸೆಯಲು ಮನಸ್ಸು ಬಂದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆಯ ಸಾಕ್ಷರತಾ ತರಗತಿಗಳಲ್ಲಿ ಹಾಡು ಕಲಿಸುತ್ತಿದ್ದೆ. ಹಾಡಲು ಬರುತ್ತದೆಂದೇನೂ ಅಲ್ಲ. ಬಸ್ ಕಂಡಕ್ಟರು, ತಹಸೀಲ್ದಾರರು, ಸಂತೆಯಲ್ಲಿ ಹರಾಜು ಕೂಗುವ ಸಾಬರು, ಯಾರ ದನಿಯನ್ನಾದರೂ ಅಣಕಿಸಿ ತೆಗೆಯುತ್ತಿದ್ದೆ. ಹಾಡುಗಾರರ ದನಿಯೂ ಅದರಲ್ಲೊಂದು. ಈ ಮೋಸ ಬಹಳ ದಿನ ನಡೆಯಿತು.

ಚಿತ್ರದುರ್ಗದ ತರಬೇತಿ ಶಿಬಿರದಲ್ಲಿ ಒಬ್ಬರು ಆಫ್ರಿಕಾದ ಹಳ್ಳಿಗಳ ಹಾಡು ಕೇಳಿಸಿದರು. ಹಾರ್ಮೋನಿಯಂ ಇಲ್ಲ, ಪುಸ್ತಕ ಇಲ್ಲ. ಒಬ್ಬರು ಕೂಗುತ್ತಾರೆ, ಊರಿಗೆ ಊರೇ ಓಗೊಡುತ್ತದೆ. ಕೆಲವರು ಮೇಲೆ, ಕೆಲವರು ನಡುವೆ, ಕೆಲವರು ನೆಲದೊಳಗಿನಿಂದ ಬಂದಂತೆ ಕೆಳಗೆ. ಓದು ಬಾರದವರಿಗೆ ಹೇಳಿ ಮಾಡಿಸಿದ್ದು ಅನ್ನಿಸಿ ಕ್ಯಾಸೆಟ್ ಪ್ರತಿ ಮಾಡಿಸಿಕೊಂಡು ಬಂದೆ.

ಬಿತ್ತನೆಯ ಶೇಂಗಾವನ್ನು ಕೈಯಲ್ಲೇ ಸುಲಿಯಬೇಕು. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ. ಒಬ್ಬ ಸಾಹುಕಾರರ ಅಂಗಳದಲ್ಲಿ ಇಪ್ಪತ್ತು ಹೆಂಗಸರು ಸುಲಿಯಲು ಕೂರುತ್ತಿದ್ದರು. ಅಲ್ಲೇ ಮೇಳ ಕಟ್ಟಿದೆ. ಹಾಡುವ ಬಾಯಿ ಬೀಜ ತಿನ್ನುವುದಿಲ್ಲವಲ್ಲ, ಸಾಹುಕಾರರು ತಕ್ಷಣ ಒಪ್ಪಿದರು. ಹಾಡು ನಿಂತರೆ ಸಾಕು, ಚೆನ್ನಾಗಿತ್ತಲ್ಲ, ಯಾಕೆ ನಿಲ್ಲಿಸಿದಿರಿ ಎಂದು ಒಳಗಿನಿಂದ ಕೇಳುತ್ತಿದ್ದರು.

ಕ್ಯಾಸೆಟ್ಟಿನ ಧಾಟಿಗೆ ಮಾತು ನಮ್ಮದೇ ಹಾಕಿಕೊಂಡೆವು. ನಾನು “ಬೀಜ ಗಟ್ಟಿ ಐತಾ?” ಎಂದು ಕೂಗಿದರೆ ಅವರು “ಐತಪ್ಪಾ, ಐತೆ” ಎನ್ನುವರು. ಮೊದಲ ದಿನ, ನಾನು ಮಾಡಿದ ಹಾಗೇ ಮಾಡಿ ಅಂದಿದ್ದೆ. ನಾನು ಕೆಮ್ಮಿದೆ. ಇಪ್ಪತ್ತು ಜನ ಒಟ್ಟಿಗೆ ಕೆಮ್ಮಿದರು.

ಕೆಳದನಿ ಇದ್ದದ್ದು ಒಬ್ಬಳಿಗೇ. ಮೊಳಕಾಲ್ಮೂರು ಕಡೆಯಿಂದ ಕುರಿಯವರ ಮನೆಗೆ ಸೊಸೆಯಾಗಿ ಬಂದಿದ್ದ ಆಕೆಯನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು. ಗಂಡುದನಿ ಎಂದು ತವರಿನ ಹೆಂಗಸರು ಮದುವೆಯ ಹಾಡಿಗೆ ಕೂತಾಗ ಆಕೆಗೆ ಬರೀ ಬಾಯಿ ಆಡಿಸಲು ಹೇಳುತ್ತಿದ್ದರಂತೆ. ಮದುವೆಯಾದ ಮೇಲೂ ತವರಿಗೆ ಹೋದಾಗಲೆಲ್ಲ, ನಲವತ್ತು ವರ್ಷ ಹಾಗೇ ಆಡಿಸಿದ್ದಳು. ನಮ್ಮಲ್ಲಿ ದನಿ ಬಿಚ್ಚಿದಾಗ ಮಿಕ್ಕ ಹತ್ತೊಂಬತ್ತು ದನಿಗಳು ಕೂರಲು ಕಟ್ಟೆ ಸಿಕ್ಕಂತಾಯಿತು.

ಮೊಳಕಾಲ್ಮೂರಿನ ಸಾಕ್ಷರತಾ ಸಮಾವೇಶದಲ್ಲಿ ಹಾಡಲು ಕರೆ ಬಂತು. ತವರಿನವರೂ ಬರುತ್ತಾರಾ ಎಂದು ಆಕೆ ಮೂರು ಸಲ ಕೇಳಿದಳು.

ಅದಕ್ಕೆ ವಾರವಿದ್ದಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಎಲ್ಲರೆದುರು ಆಕೆಯ ದನಿ ತೆಗೆದೆ. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಮಾರನೆಯ ದಿನದಿಂದ ಹಾಡು ಸೊರಗಿತು. ಎರಡು ದಿನ ನನಗೆ ಕಾರಣ ಹೊಳೆಯಲಿಲ್ಲ. ಮೂರನೆಯ ದಿನ ಆಕೆಯ ತುಟಿ ನೋಡಿದೆ. ಸರಿಯಾಗಿಯೇ ಆಡುತ್ತಿದ್ದವು, ಸದ್ದಿರಲಿಲ್ಲ.

ಆಕೆಯ ದನಿ ನನ್ನಲ್ಲಿದೆಯಲ್ಲ ಎಂಬ ಧಿಮಾಕಿನಲ್ಲಿ ನಾನೇ ಕೆಳದನಿ ಹಿಡಿದೆ. ಎರಡು ಸಾಲಿಗೆ ಗಂಟಲು ಕಟ್ಟಿತು. ಆಮೇಲೆ ಪಕ್ಕದಲ್ಲಿ ಕೂತು, ಶೇಂಗಾ ಸುಲಿಯುತ್ತಾ, ತಪ್ಪಾಯಿತು ಅಂದೆ.

ದೊಡ್ಡವ್ವ ತಲೆ ಎತ್ತಲಿಲ್ಲ. “ಎಲ್ರ ದನೀನೂ ತೆಗಿತೀಯ. ಎಲ್ಲಿ, ನಿಂದು ತೆಗಿ ನೋಡಾನ.”

ತೆಗೆದೆ. ಸೈಕಲ್ಲಿನ ಸವೆದ ಬ್ರೇಕಿನಂತೆ ಕೀರಲಾಗಿ ಬಂತು. ಒಳಗೆ ಸಾಹುಕಾರರೂ ನಕ್ಕದ್ದು ಕೇಳಿಸಿತು.

“ಪಾಪಂ” ಅಂದಳು ಆಕೆ, ತವರಿನ ತೆಲುಗಿನಲ್ಲಿ. “ಮೊಳಕಾಲ್ಮೂರ್ನಾಗೆ ಇದೇ ದನೀಲೆ ಕೂಗಪ್ಪ. ನಂದ್ರಾಗೆ ನಾನು ಓಗೊಡ್ತೀನಿ.”

ಹಾಗೇ ಕೂಗಿದೆ. ಮುಂದೆ ಕೂತಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು. ಆ ನಗೆಯ ಅಡಿಯಿಂದ ಆಕೆಯ ದನಿ ಎದ್ದಿತು, ಅದರ ಮೇಲೆ ಉಳಿದವರದು. ತವರಿನ ಹೆಂಗಸರು ಒಂದೇ ಸಾಲಿನಲ್ಲಿ ಕೂತಿದ್ದರು. ಹಾಡು ಮುಗಿಯುವವರೆಗೂ ಅವರು ಬಾಯಿ ಆಡಿಸಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ದೊಡ್ಡವ್ವ ಕಿಟಕಿ ಪಕ್ಕ ಕೂತು ನನ್ನ ಕೀರಲು ದನಿ ತೆಗೆದು ಎಲ್ಲರಿಗೂ ತೋರಿಸಿದಳು. ನನಗಿಂತ ಚೆನ್ನಾಗಿಯೇ ತೆಗೆದಳು.